ಕಣ್ಣೀರು ಕೇಳದ ನಟಿ: ತೆರೇಸೆ ಗೀಸೆ

(ರಂಗಾಸಕ್ತರ ಒಂದು ಸಂಜೆಯ ಕೂಟದಲ್ಲಿ ಆಡಿದ ಮಾತುಗಳು. ಓದಿಗೆ ಒಗ್ಗುವಂತೆ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯ ಎರಡು ಪ್ರಶ್ನೋತ್ತರಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜರ್ಮನ್ ನಟಿ ಅಂದ ಕೂಡಲೇ ನಿಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಮಾರ್ಲೀನ್ ಡೀಟ್ರಿಶ್. ಸಿಗರೇಟಿನ ಹೊಗೆ, ಗಂಡಸರ ಕೋಟು, ಅರೆ ಮುಚ್ಚಿದ ಕಣ್ಣು. ನಾನು ಇವತ್ತು ಹೇಳಹೊರಟಿರುವ ನಟಿಗೆ ಇದ್ಯಾವುದೂ ಇರಲಿಲ್ಲ. ದಪ್ಪ ಮೈ, ಅಗಲ ಮುಖ, ಬವೇರಿಯಾದ ಉಚ್ಚಾರ ಬೆರೆತ ಗಡಸು ದನಿ. ಹೆಸರು ತೆರೇಸೆ ಗೀಸೆ. ನಾಟಕದ ನಂಟು ಇರುವವರಿಗೂ ಈ ಹೆಸರು ಅಷ್ಟಾಗಿ ಗೊತ್ತಿರುವುದಿಲ್ಲ. ಜರ್ಮನ್ ನಾಟಕಕಾರ ಬ್ರೆಕ್ಟ್ ಗೊತ್ತು. ಸಮುದಾಯ, ನೀನಾಸಂ ತಂಡಗಳ ದಯೆಯಿಂದ ಬ್ರೆಕ್ಟ್ ನಮಗೆ ಹೆಚ್ಚು ಕಡಿಮೆ ನಮ್ಮೂರಿನವರೇ ಆಗಿಬಿಟ್ಟಿದ್ದಾರೆ. ಜರ್ಮನ್ ಭಾಷೆಯಲ್ಲಿ ಬರೆದ ಸ್ವಿಸ್ ನಾಟಕಕಾರ ಡ್ಯೂರೆನ್‌ಮಾಟ್ ಕೂಡ ಒಂದಿಷ್ಟು ಜನಕ್ಕೆ ಗೊತ್ತು. ಆದರೆ ಬ್ರೆಕ್ಟ್ ಬರೆದ 'ಮದರ್ ಕರೇಜ್' ನಾಟಕದ ತಾಯಿಯನ್ನು ಲೋಕದಲ್ಲಿ ಮೊಟ್ಟಮೊದಲು ಆಡಿದವರು ಈ ಗೀಸೆ. ಡ್ಯೂರೆನ್‌ಮಾಟರ 'ಮುದುಕಿಯ ಭೇಟಿ'ಯ ಮುದುಕಿಯನ್ನು ಮೊಟ್ಟಮೊದಲು ಆಡಿದವರೂ ಇವರೇ. ಇಪ್ಪತ್ತನೇ ಶತಮಾನದ ಜರ್ಮನ್ ನಾಟಕದ ಇಬ್ಬರು ಅತಿ ಗಟ್ಟಿ ಹೆಂಗಸರು ಒಬ್ಬರೇ ನಟಿಯ ಮೈಮೇಲೆ ಮೊದಲು ಬಂದರು. ಇದು ಸುಮ್ನೆ ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ.

ಗೀಸೆ ಹುಟ್ಟಿದ್ದು 1898ರ ಮಾರ್ಚ್ 6ರಂದು, ಮ್ಯೂನಿಕ್ ನಗರದಲ್ಲಿ. ಯಹೂದಿ ಕುಟುಂಬ, ಬಟ್ಟೆ ವ್ಯಾಪಾರದ ಮನೆ. ಐದು ಮಕ್ಕಳಲ್ಲಿ ಕೊನೆಯವರು. ಹುಟ್ಟು ಹೆಸರು ತೆರೇಸೆ ಗಿಫ್ಟ್. ಜರ್ಮನ್ ಭಾಷೆಯಲ್ಲಿ ಗಿಫ್ಟ್ ಅಂದರೆ ವಿಷ. ಪೋಸ್ಟರಿನ ಮೇಲೆ ಆ ಹೆಸರು ಹೇಗಿರುತ್ತಿತ್ತು ಯೋಚನೆ ಮಾಡಿ! 1920ರ ಹೊತ್ತಿಗೆ ಹೆಸರನ್ನು ಗೀಸೆ ಎಂದು ಬದಲಿಸಿಕೊಂಡರು. ಖಾಸಗಿಯಾಗಿ ಅಭಿನಯ ಪಾಠ ಹೇಳಿಸಿಕೊಂಡು ಸಣ್ಣ ಊರುಗಳ ನಾಟಕ ಕಂಪನಿಗಳಲ್ಲಿ ದುಡಿದರು. ಜೀಗನ್, ಗ್ಲೈವಿಟ್ಸ್, ಲಾಂಡ್ಸ್‌ಹೂಟ್, ಬ್ರೆಸ್ಲಾವ್. ಆ ಕಾಲದ ಯಾವ ನಟಿಯ ಬದುಕು ನೋಡಿದರೂ ಇಂಥದ್ದೇ ಊರುಗಳ ಪಟ್ಟಿ ಸಿಗುತ್ತದೆ, ಅದರಲ್ಲಿ ವಿಶೇಷವೇನಿಲ್ಲ. 1926ರಲ್ಲಿ ತಮ್ಮೂರಿಗೇ ಮರಳಿ ಓಟೋ ಫಾಲ್ಕನ್‌ಬೆರ್ಗ್ ನಡೆಸುತ್ತಿದ್ದ ಕಾಮರ್‌ಸ್ಪೀಲ ರಂಗಮಂದಿರ ಸೇರಿದರು. ಅಲ್ಲಿಂದ ವಿಷಯ ಶುರುವಾಗುತ್ತದೆ.

ಆಗ ಆಕೆಗೆ 28 ವರ್ಷ. ಆ ವಯಸ್ಸಿನ ನಟಿಯರು ಜೂಲಿಯೆಟ್ ಆಡಲು ಹಾತೊರೆಯುತ್ತಾರೆ. ಗೀಸೆಗೆ ಬಂದ ಪಾತ್ರಗಳೆಲ್ಲ ಅತ್ತೆ, ಅಮ್ಮ, ಅಡುಗೆಯವಳು, ಬಾಯಿ ಜೋರಿನ ನೆರೆಮನೆಯವಳು. ನಾಯಕಿಯಾಗುವ ರೂಪ ತಮ್ಮದಲ್ಲ ಎಂದು ಆಕೆ ಬೇಗನೇ ಒಪ್ಪಿಕೊಂಡುಬಿಟ್ಟರು. ಇದರಿಂದ ಒಂದು ಲಾಭ ಆಯಿತು. ನಾಯಕಿಯಾದವಳು ಪ್ರೇಕ್ಷಕರಿಗೆ ಇಷ್ಟವಾಗಲೇಬೇಕು, ಅದು ಅವಳ ಕೆಲಸದ ಅರ್ಧ ಭಾಗ. ಅತ್ತೆ ಪಾತ್ರದವಳಿಗೆ ಆ ತಾಪತ್ರಯ ಇಲ್ಲ. ಜನ ಮೆಚ್ಚಲಿ, ಬಿಡಲಿ, ಅವಳು ಕಂಡಂತೆ ಕಾಣಬಹುದು. ಗೀಸೆ ಬದುಕಿಡೀ ಈ ಸ್ವಾತಂತ್ರ್ಯವನ್ನು ಬಿಟ್ಟುಕೊಡಲಿಲ್ಲ. 'ನನ್ನನ್ನು ನೋಡಿ ಅಯ್ಯೋ ಪಾಪ ಅನ್ನಿ' ಎಂದು ಆಕೆ ಪ್ರೇಕ್ಷಕರ ಮುಂದೆ ಕೈ ಚಾಚಿದವರೇ ಅಲ್ಲ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಮುಖ್ಯವಾಗಿ ಇದನ್ನೇ.

ಮ್ಯೂನಿಕ್‌ನಲ್ಲಿ ಹೆಸರು ಬಂತು. ಎಷ್ಟೆಂದರೆ, ನಾಜಿ ಪತ್ರಿಕೆ ಕೂಡ ಹೊಗಳುತ್ತಿತ್ತು. ಯಹೂದಿಗಳೇ ತುಂಬಿರುವ ಆ ರಂಗಮಂದಿರದಲ್ಲಿ ಅಪ್ಪಟ ಜರ್ಮನ್ ಹೆಂಗಸು ಅಂದರೆ ಇವಳೊಬ್ಬಳೇ ಎಂಬ ಧಾಟಿಯಲ್ಲಿ. ಹಿಟ್ಲರ್‌ಗೂ ಆಕೆಯ ನಟನೆ ಹಿಡಿಸಿತ್ತು ಎಂದು ಹೇಳುತ್ತಾರೆ. ಆಕೆ ಯಹೂದಿ ಎಂಬುದು ಇವರಿಗ್ಯಾರಿಗೂ ಹೊಳೆದಿರಲಿಲ್ಲ. ಜನಾಂಗ ಶುದ್ಧಿಯನ್ನು ಮುಖ ನೋಡಿಯೇ ಹೇಳುತ್ತೇವೆ ಎನ್ನುತ್ತಿದ್ದವರ ಯೋಗ್ಯತೆ ಇಷ್ಟು.

ಈ ಹೊತ್ತಿಗೆ ಆಕೆಗೆ ಎರಿಕಾ ಮಾನ್ ಪರಿಚಯ ಗಾಢವಾಗಿತ್ತು. ಎರಿಕಾ ಅಂದರೆ ಕಾದಂಬರಿಕಾರ ಥಾಮಸ್ ಮಾನ್ ಅವರ ದೊಡ್ಡ ಮಗಳು. ಇಬ್ಬರದ್ದೂ ಪ್ರೇಮ, ಜೊತೆಗೆ ರಂಗದ ಪಾಲುದಾರಿಕೆ. 1933ರ ಜನವರಿ 1ರಂದು ಇವರು, ಎರಿಕಾರ ತಮ್ಮ ಕ್ಲಾವ್ಸ್, ಸಂಗೀತಗಾರ ಮಾಗ್ನುಸ್ ಹೆನ್ನಿಂಗ್ ಎಲ್ಲ ಸೇರಿ ಒಂದು ಕ್ಯಾಬರೆ ಶುರು ಮಾಡಿದರು. ಕ್ಯಾಬರೆ ಅಂದ ತಕ್ಷಣ ನಮ್ಮ ಹಳೇ ಸಿನಿಮಾಗಳ ಕ್ಲಬ್ ಡ್ಯಾನ್ಸ್ ನೆನಪು ಮಾಡಿಕೊಳ್ಳಬೇಡಿ. ಇದು ಹಾಡು, ಪುಟ್ಟ ಪ್ರಹಸನ, ವಿಡಂಬನೆಗಳ ರಾಜಕೀಯ ರಂಗ. ಹೆಸರು 'ಫೆಫರ್‌ಮ್ಯೂಲೆ', ಕಾಳುಮೆಣಸಿನ ಗಿರಣಿ. ಊಟದ ಮೇಜಿನ ಮೇಲಿದ್ದ ಮೆಣಸು ಪುಡಿ ಮಾಡುವ ಪುಟ್ಟ ಗಿರಣಿ ತೋರಿಸಿ ಅಪ್ಪ ಥಾಮಸ್ ಮಾನ್ ಅವರೇ ಈ ಹೆಸರು ಸೂಚಿಸಿದರು ಎಂಬ ಕಥೆ ಇದೆ. ಆಟ ನಡೆಯುತ್ತಿದ್ದುದು ಬಾನ್‌ಬೊನ್ಯೇರ್ ಎಂಬ ಸಣ್ಣ ಜಾಗದಲ್ಲಿ. ಹಿಟ್ಲರ್ 1920ರಲ್ಲಿ ತನ್ನ ಪಕ್ಷದ ಕಾರ್ಯಕ್ರಮ ಘೋಷಿಸಿದ ಹೋಫ್‌ಬ್ರಾಯ್‌ಹೌಸ್ ಬಿಯರ್ ಮನೆ ಅಲ್ಲಿಂದ ನಾಲ್ಕು ಹೆಜ್ಜೆ. ಧೈರ್ಯ ನೋಡಿ! ಆಟ ಶುರುವಾದ ತಿಂಗಳಲ್ಲೇ, ಜನವರಿ 30ಕ್ಕೆ, ಹಿಟ್ಲರ್ ಪ್ರಧಾನಿಯಾದ. ಫೆಬ್ರವರಿ 27ಕ್ಕೆ ಬರ್ಲಿನ್ನಿನ ಸಂಸತ್ ಭವನ ಹೊತ್ತಿ ಉರಿಯಿತು. ಮಾರ್ಚ್ ಹೊತ್ತಿಗೆ ಬಂಧನಗಳು ಮ್ಯೂನಿಕ್ಕಿಗೂ ಬಂದವು. ಗೀಸೆ, ಎರಿಕಾ ಇಬ್ಬರೂ ದೇಶ ಬಿಟ್ಟರು. ಅದೇ ಸೆಪ್ಟೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ, ಹಿರ್ಷನ್ ಎಂಬ ಹೋಟೆಲಿನಲ್ಲಿ, ಗಿರಣಿ ಮತ್ತೆ ತಿರುಗತೊಡಗಿತು.

ಇವರ ಪ್ರದರ್ಶನಗಳಲ್ಲಿ ಹಿಟ್ಲರ್ ಎಂಬ ಹೆಸರು ಬರುತ್ತಿರಲಿಲ್ಲ. ಜರ್ಮನಿ ಎಂದೂ ಹೇಳುತ್ತಿರಲಿಲ್ಲ. ಆಶ್ರಯ ಕೊಟ್ಟ ದೇಶಗಳಿಗೆ ಜರ್ಮನಿಯ ಜೊತೆ ಜಗಳ ಬೇಕಿರಲಿಲ್ಲ, ಹೆಸರೆತ್ತಿದರೆ ಅನುಮತಿ ರದ್ದು. ಹಾಗಾಗಿ ಎಲ್ಲ ಅಜ್ಜಿಕಥೆಯ ರೂಪದಲ್ಲಿ. ಎರಿಕಾ ಸಮವಸ್ತ್ರ ತೊಟ್ಟು ಸುಳ್ಳಿನ ದೇಶದ ರಾಜಕುಮಾರನಾಗಿ ಬರುತ್ತಿದ್ದರು. ಗೀಸೆ ಒಂದು ಹಾಡಿನಲ್ಲಿ 'ಮೂರ್ಖತನ' ಎಂಬ ಪಾತ್ರವಾಗಿ ರಂಗಕ್ಕೆ ಬರುತ್ತಿದ್ದರು. ಮೂರ್ಖ ಅಲ್ಲ, ಸಾಕ್ಷಾತ್ ಮೂರ್ಖತನವೇ ಮೈವೆತ್ತು ಬಂದು, ನಿಮ್ಮ ನಾಯಕರ ತಲೆಯಲ್ಲಿ ನಾನು ಎಷ್ಟು ಸುಖವಾಗಿದ್ದೇನೆ ಎಂದು ಖುಷಿಯಿಂದ ಹೇಳಿಕೊಳ್ಳುವುದು. ಪ್ರೇಕ್ಷಕರಿಗೆ ಯಾರ ಮಾತು ಅಂತ ಬಿಡಿಸಿ ಹೇಳಬೇಕಿರಲಿಲ್ಲ. ಹಿಟ್ಲರ್ ಪರ ಇದ್ದ ಸ್ವಿಸ್ ಗುಂಪುಗಳಿಗೂ ಚೆನ್ನಾಗಿಯೇ ಅರ್ಥವಾಯಿತು. 1934ರ ನವೆಂಬರ್‌ನಲ್ಲಿ ಅವರು ಜ್ಯೂರಿಕ್‌ನ ಪ್ರದರ್ಶನಕ್ಕೆ ನುಗ್ಗಿ ಸಿಳ್ಳೆ, ಕೂಗಾಟ, ಹೊಡೆದಾಟ ನಡೆಸಿದರು. ಪೊಲೀಸ್ ಕಾವಲಿನಲ್ಲಿ ಆಟ ಆಡಬೇಕಾಯಿತು. ಆದರೂ ಸ್ವಿಟ್ಜರ್ಲೆಂಡ್, ಚೆಕೊಸ್ಲೊವಾಕಿಯಾ, ಹಾಲೆಂಡ್, ಬೆಲ್ಜಿಯಂ, ಲಕ್ಸಂಬರ್ಗ್ ಸುತ್ತಿ 1936ರ ಹೊತ್ತಿಗೆ 1034 ಪ್ರದರ್ಶನ ಕೊಟ್ಟಿದ್ದರು. ಮುಂದೆ 1937ರ ಜನವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಇಂಗ್ಲಿಷಿಗೆ ತಿರುಗಿಸಿ ಆಡಿದರು, ನೆಲಕಚ್ಚಿತು. ಎರಿಕಾ ಅಮೆರಿಕದಲ್ಲೇ ಉಳಿದರು. ಗೀಸೆ ಜ್ಯೂರಿಕ್ಕಿಗೆ ವಾಪಸಾದರು. ಭಾಷೆಯೇ ಕಸುಬಾದವರಿಗೆ ಬೇರೆ ಊರಿನಲ್ಲಿ ಬೇರೆ ದಾರಿ ಇರುವುದಿಲ್ಲ, ಅಲ್ವಾ?

ನಡುವೆ ಒಂದು ಮದುವೆ ಆಯಿತು. ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

1935ರಲ್ಲಿ ಎರಿಕಾರ ಜರ್ಮನ್ ಪೌರತ್ವ ಹೋಗುವುದರಲ್ಲಿತ್ತು. ಪಾಸ್‌ಪೋರ್ಟ್ ಇಲ್ಲದಿದ್ದರೆ ಊರೂರು ತಿರುಗುವ ತಂಡಕ್ಕೆ ಬೀಗ. ಆಗ ಇಂಗ್ಲೆಂಡಿನ ಕವಿ ಡಬ್ಲ್ಯೂ. ಎಚ್. ಆಡೆನ್ ಎರಿಕಾರನ್ನು ಮದುವೆಯಾಗಿ ಬ್ರಿಟಿಷ್ ಪಾಸ್‌ಪೋರ್ಟ್ ಸಿಗುವಂತೆ ಮಾಡಿದರು. ಆಡೆನ್ ಸಲಿಂಗಿ, ಎರಿಕಾ ಕೂಡ. ಯಾರಿಗೂ ಯಾವ ಭ್ರಮೆಯೂ ಇರಲಿಲ್ಲ. ಮುಂದಿನ ವರ್ಷ ಗೀಸೆಗೂ ಇದೇ ಉಪಾಯ ಬೇಕಾಯಿತು. ಆಡೆನ್ ತಮ್ಮ ಗೆಳೆಯ ಜಾನ್ ಹ್ಯಾಂಪ್ಸನ್ ಅವರನ್ನು ಒಪ್ಪಿಸಿದರು. ಬರ್ಮಿಂಗ್‌ಹ್ಯಾಮ್ ಕಡೆಯ ಕಾದಂಬರಿಕಾರ, ಅವರೂ ಸಲಿಂಗಿ, ಸಂಕೋಚದ ಮನುಷ್ಯ. ಒಂದು ಮನೆಯಲ್ಲಿ ಅಂಗವಿಕಲ ಹುಡುಗನೊಬ್ಬನನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದರು. 1936ರ ಮೇ 20ರಂದು ಸಾಲಿಹಲ್ ಎಂಬ ಊರಿನ ನೋಂದಣಿ ಕಚೇರಿಯಲ್ಲಿ ಮದುವೆ. ವಧುವಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ವರನಿಗೆ ವಧುವಿನ ಪರಿಚಯವೇ ಇಲ್ಲ. ಓಡಾಡಿ ಎಲ್ಲ ನಿಭಾಯಿಸಿದವರು ಆಡೆನ್. ಆಮೇಲೆ ಎಲ್ಲರನ್ನೂ ಹೆಂಡದಂಗಡಿಗೆ ಕರೆದುಕೊಂಡು ಹೋಗಿ, ಇವತ್ತಿನ ಖರ್ಚು ಥಾಮಸ್ ಮಾನ್ ಅವರದ್ದು ಎಂದರಂತೆ.

ಕೇಳುವಾಗ ತಮಾಷೆ. ಇಲ್ಲೂ ಕೆಲವರು ನಕ್ಕಿರಿ, ನಗಬೇಕಾದ್ದೇ. ಆದರೆ ಹ್ಯಾಂಪ್ಸನ್ ಒಬ್ಬ ಅಪರಿಚಿತ ಹೆಂಗಸಿಗೆ ತಮ್ಮ ಹೆಸರನ್ನೂ ದೇಶವನ್ನೂ ಕೊಟ್ಟುಬಿಟ್ಟರು, ಬದಲಿಗೆ ಏನೂ ಕೇಳಲಿಲ್ಲ. ಆ ಒಂದು ಕಾಗದ ಗೀಸೆಯ ಕೈಯಲ್ಲಿತ್ತು. ಯುರೋಪಿನ ಎಷ್ಟೋ ಯಹೂದಿಗಳ ಕೈಯಲ್ಲಿ ಅಂಥ ಕಾಗದ ಇರಲಿಲ್ಲ. ಅವರಿಗೇನಾಯಿತು ಅಂತ ನಾನು ಹೇಳಬೇಕಿಲ್ಲ.

ಈಗ ಜ್ಯೂರಿಕ್‌ನ ನಾಟಕಶಾಲೆಗೆ ಬರೋಣ. ಶೌಸ್ಪೀಲ್‌ಹೌಸ್ ಅಂತ ಹೆಸರು. 1933ರ ನಂತರ ಜರ್ಮನಿ, ಆಮೇಲೆ ಆಸ್ಟ್ರಿಯಾದಿಂದ ಓಡಿಬಂದ ನಟರು, ನಿರ್ದೇಶಕರು ಅಲ್ಲಿ ಸೇರಿಕೊಂಡಿದ್ದರು. ಮಾಲೀಕ ಫೆರ್ಡಿನಾಂಡ್ ರೀಸರ್ ಮೂಲತಃ ವೈನ್ ವ್ಯಾಪಾರಿ. 1938ರಿಂದ ಓಸ್ಕರ್ ವೆಲ್ಟರ್‌ಲಿನ್ ಹೊಣೆ ಹೊತ್ತರು. ಊರು ಸಣ್ಣದು, ಪ್ರೇಕ್ಷಕರು ಕಡಿಮೆ, ಹಾಗಾಗಿ ಹೆಚ್ಚು ಕಡಿಮೆ ವಾರಕ್ಕೊಂದು ಹೊಸ ನಾಟಕ ಕಟ್ಟಬೇಕು. ಇಂಥ ದುಡಿಮೆಯ ನಡುವೆ ಬಂದದ್ದು 'ಮದರ್ ಕರೇಜ್ ಮತ್ತು ಅವಳ ಮಕ್ಕಳು'.

ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಹದಿನೇಳನೇ ಶತಮಾನದ ಮೂವತ್ತು ವರ್ಷಗಳ ಯುದ್ಧ. ಅನ್ನಾ ಫೀರ್ಲಿಂಗ್ ಎಂಬ ಹೆಂಗಸು ಗಾಡಿಯಲ್ಲಿ ಸಾಮಾನು ಹೇರಿಕೊಂಡು ಸೈನ್ಯದ ಹಿಂದೆ ಹಿಂದೆ ಹೋಗಿ ಬ್ರಾಂದಿ, ಬೆಲ್ಟು, ಅಂಗಿ ಮಾರುತ್ತಾಳೆ. ಯುದ್ಧ ಅವಳ ಅಂಗಡಿ. ಅದೇ ಯುದ್ಧ ಅವಳ ಮೂರೂ ಮಕ್ಕಳನ್ನು ತಿನ್ನುತ್ತದೆ. ಒಬ್ಬ ಮಗನನ್ನು ಬಿಡಿಸಲು ಲಂಚ ಕೊಡಬೇಕು, ಇವಳು ಚೌಕಾಸಿ ಮಾಡುತ್ತಾ ಕೂತಿರುವಾಗಲೇ ಅವನಿಗೆ ಗುಂಡು ಹೊಡೆಯುತ್ತಾರೆ. ಹೆಣ ತಂದು ತೋರಿಸಿದರೆ ಗುರುತಿಲ್ಲ ಎನ್ನಬೇಕು, ಇಲ್ಲದಿದ್ದರೆ ಇವಳಿಗೂ ಕುತ್ತು. ಗುರುತಿಲ್ಲ ಎನ್ನುತ್ತಾಳೆ. ಎಲ್ಲ ಕಳೆದುಕೊಂಡ ಮೇಲೂ ಗಾಡಿ ಎಳೆದುಕೊಂಡು ಸೈನ್ಯದ ಹಿಂದೆಯೇ ಹೊರಡುತ್ತಾಳೆ. ಪಾಠ ಕಲಿಯುವುದಿಲ್ಲ.

ಮೊದಲ ಪ್ರದರ್ಶನ 1941ರ ಏಪ್ರಿಲ್ 19. ನಿರ್ದೇಶನ ಲೆಯೊಪೋಲ್ಡ್ ಲಿಂಡ್ಟ್‌ಬೆರ್ಗ್, ರಂಗಸಜ್ಜಿಕೆ ಟೇಯೊ ಓಟೋ, ಸಂಗೀತ ಪೌಲ್ ಬುರ್ಕಾರ್ಡ್. ಆ ದಿನಾಂಕದಲ್ಲಿ ಭೂಪಟ ನೋಡಿ. ಫ್ರಾನ್ಸ್ ಸೋತು ವರ್ಷ ತುಂಬುತ್ತಾ ಬಂದಿದೆ, ಆಸ್ಟ್ರಿಯಾ ಜರ್ಮನಿಯೊಳಗೆ ಕರಗಿಹೋಗಿದೆ, ದಕ್ಷಿಣಕ್ಕೆ ಮುಸೊಲಿನಿಯ ಇಟಲಿ. ಜರ್ಮನ್ ಸೈನ್ಯ ಯುಗೊಸ್ಲಾವಿಯಾ ಮುಗಿಸಿ ಗ್ರೀಸ್ ಒಳಗೆ ನುಗ್ಗುತ್ತಿದೆ. ನಡುವೆ ಸ್ವಿಟ್ಜರ್ಲೆಂಡ್ ಎಂಬ ಸಣ್ಣ ಚುಕ್ಕೆ. ಯುದ್ಧದ ನಡುವೆಯೇ ಕೂತು ಯುದ್ಧದ ನಾಟಕ ನೋಡುತ್ತಿದ್ದಾರೆ ಜನ. ನಾಟಕ ಬರೆದ ಬ್ರೆಕ್ಟ್ ಅಲ್ಲಿಲ್ಲ. ಫಿನ್ಲೆಂಡಿನಲ್ಲಿ ಅಮೆರಿಕದ ವೀಸಾಕ್ಕೆ ಕಾಯುತ್ತಿದ್ದಾರೆ.

ಜನ ಮನಸ್ಸು ಕರಗಿಸಿಕೊಂಡರು. ಪತ್ರಿಕೆಗಳು ಬರೆದದ್ದು ತಾಯಿಯ ಸಂಕಟದ ಬಗ್ಗೆ, ಎಷ್ಟು ಕಷ್ಟ ಬಂದರೂ ಕುಗ್ಗದ ತಾಯಿಜೀವದ ಬಗ್ಗೆ. ಗ್ರೀಕ್ ಪುರಾಣದಲ್ಲಿ ಮಕ್ಕಳನ್ನೆಲ್ಲ ಕಳೆದುಕೊಂಡ ನಯೋಬಿ ಇದ್ದಾಳಲ್ಲ, ಅವಳನ್ನು ನೆನಪಿಸಿಕೊಂಡರು. ಈ ಸುದ್ದಿ ಕೇಳಿ ಬ್ರೆಕ್ಟ್‌ಗೆ ಕಿರಿಕಿರಿ. ಅವರಿಗೆ ಬೇಕಿದ್ದುದು ಯುದ್ಧದಿಂದ ಲಾಭ ಮಾಡಲು ಹೋಗಿ ಮಕ್ಕಳನ್ನು ಕಳೆದುಕೊಂಡ ವ್ಯಾಪಾರಿ. ಜನ ಕಂಡದ್ದು ತಾಯಿ.

ಇಲ್ಲಿಂದ ಹುಟ್ಟಿದ್ದು ಒಂದು ಮಾತು: ಗೀಸೆ ಭಾವುಕವಾಗಿ ಆಡಿದರು, ಆಮೇಲೆ 1949ರಲ್ಲಿ ಬರ್ಲಿನ್‌ನಲ್ಲಿ ಬ್ರೆಕ್ಟ್‌ರ ಹೆಂಡತಿ ಹೆಲೆನೆ ವೈಗೆಲ್ ಸರಿಯಾಗಿ ಆಡಿದರು. ಇದನ್ನು ನಾಟಕದ ತರಗತಿಗಳಲ್ಲಿ ಪಾಠದ ಹಾಗೆ ಒಪ್ಪಿಸುವವರಿದ್ದಾರೆ. ನನಗೆ ಒಪ್ಪಿಗೆ ಇಲ್ಲ.

ಯಾಕೆಂದರೆ 1949ರ ಪ್ರಯೋಗಕ್ಕೆ ಮೊದಲು ಬ್ರೆಕ್ಟ್ ಮಾಡಿದ್ದೇನು? ನಾಟಕವನ್ನೇ ತಿದ್ದಿದರು. ಐದನೇ ದೃಶ್ಯ ತೆಗೆದುಕೊಳ್ಳಿ. ಯುದ್ಧದಲ್ಲಿ ಗಾಯಗೊಂಡ ರೈತರಿಗೆ ಪಟ್ಟಿ ಕಟ್ಟಬೇಕು, ಬಟ್ಟೆ ಇಲ್ಲ. ಕರೇಜಳ ಗಾಡಿಯಲ್ಲಿ ಅಧಿಕಾರಿಗಳಿಗೆ ಮಾರುವ ಬೆಲೆಬಾಳುವ ಅಂಗಿಗಳಿವೆ. ಮೊದಲ ಪಠ್ಯದಲ್ಲಿ ಅವಳು ಗೊಣಗುತ್ತಲೇ ಅಂಗಿ ಹರಿದು ಕೊಡುತ್ತಾಳೆ. ತಿದ್ದಿದ ಪಠ್ಯದಲ್ಲಿ ಕೊಡುವುದಿಲ್ಲ. ಮೂಗಿ ಮಗಳು ಕತ್ರೀನ್ ಹಲಗೆ ಎತ್ತಿ ಅಮ್ಮನಿಗೇ ಹೊಡೆಯಲು ಹೋಗುತ್ತಾಳೆ, ಅಂಗಿಗಳನ್ನು ಬೇರೆಯವರು ಕಿತ್ತುಕೊಳ್ಳಬೇಕಾಗುತ್ತದೆ. ಮೊದಲ ದೃಶ್ಯವೂ ಅಷ್ಟೇ. ಸೈನ್ಯಕ್ಕೆ ಆಳು ಹಿಡಿಯುವವರು ದೊಡ್ಡ ಮಗನನ್ನು ಪುಸಲಾಯಿಸಿ ಕರೆದೊಯ್ಯುವಾಗ ಅಮ್ಮ ಬೆಲ್ಟಿನ ಬಕಲ್ ಮಾರುವುದರಲ್ಲಿ ಮುಳುಗಿರುತ್ತಾಳೆ. ಅದನ್ನು ಎತ್ತಿ ತೋರಿಸಿದ್ದು ತಿದ್ದುಪಡಿಯಲ್ಲಿ. ಅಂದರೆ ಗೀಸೆಯ ಕೈಗೆ ಬಂದ ಪಠ್ಯದಲ್ಲೇ ಒಳ್ಳೆಯ ಅಮ್ಮ ಒಬ್ಬಳು ಅರ್ಧ ಇದ್ದಳು. ಲೇಖಕರು ಅದನ್ನು ಕಂಡುಕೊಂಡರು, ತಿದ್ದಿಕೊಂಡರು. ಹಾಗಿರುವಾಗ ತಪ್ಪನ್ನು ನಟಿಯ ಲೆಕ್ಕಕ್ಕೆ ಬರೆಯುವುದು ಯಾವ ನ್ಯಾಯ?

ಪ್ರೇಕ್ಷಕರನ್ನೂ ನೆನೆಯಿರಿ. 1941ರಲ್ಲಿ ಆ ಸಭಾಂಗಣದಲ್ಲಿ ಕೂತ ನಿರಾಶ್ರಿತರಿಗೆ ಗಡಿಯಾಚೆ ಅಣ್ಣತಮ್ಮಂದಿರಿದ್ದರು, ಅಪ್ಪ ಅಮ್ಮ ಇದ್ದರು. ಅವರು ಅತ್ತರೆ ಅದು ನಟಿ ಅಳಿಸಿದ್ದು ಎಂದೇ ಆಗಬೇಕಿಲ್ಲ. ಇನ್ನೊಂದು ಸಾಕ್ಷಿ ಬ್ರೆಕ್ಟ್ ಅವರದ್ದೇ. ಯುದ್ಧ ಮುಗಿದು ಯುರೋಪಿಗೆ ಮರಳಿದ ಮೇಲೆ ಅವರು ಗೀಸೆಯನ್ನು ಬಿಡಲಿಲ್ಲ. 1948ರಲ್ಲಿ ಜ್ಯೂರಿಕ್‌ನಲ್ಲಿ ಬ್ರೆಕ್ಟ್‌ರ 'ಪುಂತಿಲಾ' ನಾಟಕದ ಮೊದಲ ಪ್ರದರ್ಶನ ಆದಾಗ ಕಳ್ಳಸಾಗಣೆಯ ಎಮ್ಮಾ ಪಾತ್ರ ಗೀಸೆಗೆ. 1949ರಲ್ಲಿ ಬ್ರೆಕ್ಟ್, ವೈಗೆಲ್ ಕಟ್ಟಿದ ನಾಟಕ ತಂಡ ಬರ್ಲಿನರ್ ಎನ್‌ಸಾಂಬಲ್ ಶುರುವಾದದ್ದೂ ಅದೇ ನಾಟಕದಿಂದ, ಅಲ್ಲೂ ಗೀಸೆ. 1950ರ ಅಕ್ಟೋಬರ್‌ನಲ್ಲಿ ಬ್ರೆಕ್ಟ್ ಸ್ವತಃ ಮ್ಯೂನಿಕ್ ಕಾಮರ್‌ಸ್ಪೀಲಕ್ಕೆ ಹೋಗಿ 'ಮದರ್ ಕರೇಜ್' ನಿರ್ದೇಶಿಸಿದರು, ಕರೇಜ್ ಪಾತ್ರಕ್ಕೆ ಗೀಸೆಯನ್ನೇ ಹಾಕಿಕೊಂಡರು. ಬರ್ಲಿನ್ ಪ್ರಯೋಗದ ಚೌಕಟ್ಟು, ಮ್ಯೂನಿಕ್‌ನ ನಟಿ. ಭಾವುಕ ನಟಿ ಬೇಡ ಎನ್ನಿಸಿದ್ದರೆ ಬ್ರೆಕ್ಟ್‌ರಂಥ ಹಟಮಾರಿ ಹೀಗೆ ಮಾಡುತ್ತಿದ್ದರೇ?

ಹದಿನೇಳು ವರ್ಷಗಳ ಹಿಂದೆ ಓಡಿಹೋಗಿದ್ದ ಊರಿನ, ಓಡಿಹೋಗಿದ್ದ ರಂಗದ ಮೇಲೆ, ಯುದ್ಧದಿಂದ ಲಾಭ ಮಾಡಿಕೊಂಡ ಹೆಂಗಸಿನ ಪಾತ್ರ. ಎದುರಿಗೆ ಕೂತವರಲ್ಲಿ ನಾಜಿ ಆಳ್ವಿಕೆಯ ಹನ್ನೆರಡು ವರ್ಷ ಏನು ಮಾಡಿದರು ಎಂದು ಯಾರೂ ಕೇಳದ ಜನ. ಆ ಸಂಜೆ ನಾನು ಅಲ್ಲಿರಬೇಕಿತ್ತು ಅನ್ನಿಸುತ್ತದೆ.

ಎನ್‌ಸಾಂಬಲ್‌ನ ಮೊದಲ ವರ್ಷಗಳಲ್ಲಿ ಆಕೆ ಗಾರ್ಕಿಯ ವಾಸ್ಸಾ ಆದರು, ಹೌಪ್ಟ್‌ಮನ್ ನಾಟಕದ ಕಳ್ಳಿ ಅಗಸಗಿತ್ತಿ ಆದರು, 1952ರಲ್ಲಿ ಕ್ಲೈಸ್ಟ್‌ರ 'ಒಡೆದ ಹೂಜಿ'ಯನ್ನು ತಾವೇ ನಿರ್ದೇಶಿಸಿದರು. ಆಮೇಲೆ ಮ್ಯೂನಿಕ್, ಜ್ಯೂರಿಕ್ ನಡುವೆ ಓಡಾಟ. ಈ ಭಾಗ ಬೇಗ ದಾಟುತ್ತೇನೆ. ಡ್ಯೂರೆನ್‌ಮಾಟ್ ಕಾಯುತ್ತಿದ್ದಾರೆ.

1956ರ ಜನವರಿ 29, ಮತ್ತದೇ ಜ್ಯೂರಿಕ್, 'ಮುದುಕಿಯ ಭೇಟಿ'ಯ ಮೊದಲ ಪ್ರದರ್ಶನ. ಗ್ಯುಲೆನ್ ಎಂಬ ದಿವಾಳಿ ಊರಿಗೆ ಕ್ಲೇರ್ ತ್ಸಖನಾಸಿಯನ್ ಎಂಬ ಮುದುಕಿ ಬರುತ್ತಾಳೆ. ಲೋಕದಲ್ಲೇ ಅತಿ ಶ್ರೀಮಂತೆ. ಒಂದು ಕಾಲು ಕೃತಕ, ಒಂದು ಕೈ ದಂತದ್ದು. ಜೊತೆಗೆ ಗಂಡಂದಿರ ಸಾಲು, ಕುರುಡರಿಬ್ಬರು, ಕರಿಚಿರತೆ, ಒಂದು ಖಾಲಿ ಶವಪೆಟ್ಟಿಗೆ. ಹುಡುಗಿಯಾಗಿದ್ದಾಗ ಇದೇ ಊರಿನ ಹುಡುಗ ಅವಳನ್ನು ಬಸಿರು ಮಾಡಿ, ಸುಳ್ಳು ಸಾಕ್ಷಿ ಹೇಳಿಸಿ ಕೈಬಿಟ್ಟಿದ್ದ. ಈಗ ಅವನು ಊರಿನ ಗೌರವಸ್ಥ ಅಂಗಡಿಯವನು. ಅವನನ್ನು ಕೊಲ್ಲಿ, ನೂರು ಕೋಟಿ ಕೊಡುತ್ತೇನೆ ಎನ್ನುತ್ತಾಳೆ ಮುದುಕಿ. ಛೇ ಛೇ, ನಾವು ಅಂಥವರಲ್ಲ ಎನ್ನುತ್ತದೆ ಊರು. ಕಾಯುತ್ತೇನೆ, ಎನ್ನುತ್ತಾಳೆ. ಮಾರನೇ ದಿನದಿಂದಲೇ ಊರ ಜನ ಸಾಲದಲ್ಲಿ ಹೊಸ ಹಳದಿ ಬೂಟು ಕೊಳ್ಳತೊಡಗುತ್ತಾರೆ.

ಈ ಪಾತ್ರದಲ್ಲಿ ಅಪಾಯ ಏನು ಗೊತ್ತಾ? ಮೋಸ ಹೋದ ಹುಡುಗಿಯ ಕಥೆ ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ನಟಿ ಒಂದು ಸಲ ಗಂಟಲು ಬಿಗಿಹಿಡಿದರೂ ಸಾಕು, ನಾಟಕ ಸೇಡಿನ ಪ್ರೇಮಕಥೆ ಆಗಿಬಿಡುತ್ತದೆ. 1964ರಲ್ಲಿ ಇಂಗ್ರಿಡ್ ಬರ್ಗ್‌ಮನ್ ನಟಿಸಿದ ಸಿನಿಮಾ ಹಾಗೇ ಆಯಿತು, ಅಂತ್ಯವನ್ನೇ ಮೆದುಗೊಳಿಸಿಬಿಟ್ಟರು. ಗೀಸೆಯನ್ನು ಆ ಪಾತ್ರಕ್ಕೆ ಆರಿಸಿದ್ದರ ಹಿಂದೆ ಇರುವುದು ಇದರ ಉಲ್ಟಾ ಲೆಕ್ಕ. ಕೂತಲ್ಲಿಂದ ಏಳದೆ, ದನಿ ಏರಿಸದೆ, ಕಾಯುತ್ತೇನೆ ಎಂದರೆ ಊರಿಗೆ ಊರೇ ನಡುಗಬೇಕು. ಮೂವತ್ತು ವರ್ಷ ಅತ್ತೆ, ಅಮ್ಮ, ಕಳ್ಳಿಯರನ್ನು ಆಡಿ ಯಾರ ಮೆಚ್ಚುಗೆಗೂ ಕಾಯದ ನಟಿಯಿಂದ ಮಾತ್ರ ಅದು ಸಾಧ್ಯ.

ಡ್ಯೂರೆನ್‌ಮಾಟ್ ಆಕೆಯನ್ನು ಮರೆಯಲಿಲ್ಲ. 1962ರಲ್ಲಿ ಬಂದ 'ಭೌತವಿಜ್ಞಾನಿಗಳು' ನಾಟಕದಲ್ಲಿ ಹುಚ್ಚಾಸ್ಪತ್ರೆಯ ಒಡತಿ ಗೂನುಬೆನ್ನಿನ ಡಾಕ್ಟರಮ್ಮ ಮಟಿಲ್ಡ ಫಾನ್ ತ್ಸಾಂಡ್. ಈ ಪಾತ್ರ ಮೊದಲು ಗಂಡಸಿನದಾಗಿತ್ತು, ಗೀಸೆಗಾಗಿ ಹೆಂಗಸಾಯಿತು ಎನ್ನುವ ಮಾತಿದೆ. ಅದೇನೇ ಇರಲಿ, ನಾಟಕವನ್ನು ಅವರು ಅರ್ಪಿಸಿದ್ದು ಮಾತ್ರ ಗೀಸೆಗೇ. ಪುಸ್ತಕ ತೆರೆದರೆ ಮೊದಲು ಕಾಣುವುದು ಆ ಹೆಸರು.

ಸಿನಿಮಾ ವಿಷಯಕ್ಕೆ ಬಂದರೆ, ಗೀಸೆ ತೆರೆಯ ಮೇಲೆ ಹೆಚ್ಚಾಗಿ ಹೀಗೆ ಬಂದು ಹಾಗೆ ಹೋಗುವವರು. 1945ರಲ್ಲಿ ಲಿಂಡ್ಟ್‌ಬೆರ್ಗ್ ಅವರೇ ಮಾಡಿದ ಸ್ವಿಸ್ ಚಿತ್ರ 'ಕೊನೆಯ ಅವಕಾಶ'ದಲ್ಲಿ ಹಿಮದ ಬೆಟ್ಟ ಹತ್ತಿ ಗಡಿ ದಾಟುವ ನಿರಾಶ್ರಿತರ ಪೈಕಿ ಒಬ್ಬರು. ನಿರಾಶ್ರಿತೆಯೇ ನಿರಾಶ್ರಿತೆಯ ಪಾತ್ರದಲ್ಲಿ. 1958ರ 'ಸಮವಸ್ತ್ರದ ಹುಡುಗಿಯರು' ಚಿತ್ರದಲ್ಲಿ ರೋಮಿ ಶ್ನೈಡರ್ ಓದುವ ಶಾಲೆಯ ಕಟ್ಟುನಿಟ್ಟಿನ ಮುಖ್ಯೋಪಾಧ್ಯಾಯಿನಿ. ಇನ್ನೂ ಹಲವು ಇವೆ, ಅನ್ನಕ್ಕಾಗಿ ಮಾಡಿದವೂ ಇವೆ.

ವಯಸ್ಸಾದಂತೆ ಆಕೆ ಎಳೆಯರ ಕಡೆ ಸರಿದರು. ಇದು ನನಗೆ ತುಂಬ ಇಷ್ಟವಾದ ಭಾಗ. 1970ರ ಅಕ್ಟೋಬರ್‌ನಲ್ಲಿ ಪಶ್ಚಿಮ ಬರ್ಲಿನ್‌ನ ಶೌಬ್ಯೂನೆ ರಂಗಮಂದಿರದಲ್ಲಿ ಪೀಟರ್ ಸ್ಟೈನ್ ಮತ್ತು ಗೆಳೆಯರು ಹೊಸ ತಂಡ ಕಟ್ಟಿ ಮೊದಲ ನಾಟಕವಾಗಿ ಬ್ರೆಕ್ಟ್‌ರ 'ತಾಯಿ' ಎತ್ತಿಕೊಂಡರು. ಎಲ್ಲ ತೀರ್ಮಾನವನ್ನೂ ಎಲ್ಲರೂ ಕೂತು ಚರ್ಚಿಸಿ ತೆಗೆದುಕೊಳ್ಳುವ ತಂಡ. ನಿರ್ದೇಶಕರೇ ಮೂವರು. ಅವರ ನಡುವೆ 72 ವರ್ಷದ ಗೀಸೆ ಪೆಲಗೇಯಾ ವ್ಲಾಸೊವಾ ಆದರು. ಸಮುದಾಯ ತಂಡದ 'ತಾಯಿ' ನೋಡಿದವರಿಗೆ ಈ ಪಾತ್ರ ಹೊಸದಲ್ಲ. ಮಗನಿಗೆ ಕೊಡುವ ಸೂಪಿಗೆ ಅರ್ಧ ಚಮಚ ಕೊಬ್ಬು ಹಾಕಲೂ ಕೈಯಲ್ಲಿ ಕಾಸಿಲ್ಲ, ಅವನ ಕೂಲಿಯಲ್ಲಿ ಗಂಟೆಗೊಂದು ಕೊಪೆಕ್ ಕಡಿತ ಮಾಡಿದ್ದಾರೆ ಎಂದು ಲೆಕ್ಕ ಹೇಳುತ್ತಾ ನಾಟಕ ಶುರು ಮಾಡುವ ತಾಯಿ. ಅಳುವುದಿಲ್ಲ, ಲೆಕ್ಕ ಒಪ್ಪಿಸುತ್ತಾಳೆ. ಗೀಸೆಗೆ ಹೇಳಿ ಬರೆಸಿದಂತಿದೆ, ಅಲ್ವಾ? ಸರ್ಕಾರದ ಅನುದಾನ ತೆಗೆದುಕೊಂಡು ಕಮ್ಯುನಿಸ್ಟ್ ನಾಟಕ ಆಡುತ್ತಾರೆ ಎಂದು ರಾಜಕಾರಣಿಗಳು ಗದ್ದಲ ಎಬ್ಬಿಸಿದರು. ನಾಟಕ ನಡೆಯಿತು. ಇದೇ ವರ್ಷಗಳಲ್ಲಿ ಆಕೆ ಒಬ್ಬರೇ ನಿಂತು ಬ್ರೆಕ್ಟ್‌ರ ಕವಿತೆ, ಹಾಡು ಹೇಳುವ ಸಂಜೆಗಳನ್ನು ನಡೆಸಿದರು. ಅವು ಧ್ವನಿಮುದ್ರಿಕೆಗಳಾಗಿ ಬಂದಿವೆ. ಮೋನಿಕಾ ಸ್ಪೆರ್ ಎಂಬ ಲೇಖಕಿ ಆಕೆಯನ್ನು ಮಾತಾಡಿಸಿ 1973ರಲ್ಲಿ ಒಂದು ಪುಸ್ತಕ ತಂದರು. ಶೀರ್ಷಿಕೆ ಏನು ಗೊತ್ತಾ? 'ನನಗೆ ಹೇಳುವುದೇನೂ ಇಲ್ಲ'. ಇಡೀ ಪುಸ್ತಕ ತುಂಬ ಮಾತಾಡಿದ್ದಾರೆ, ಅದು ಬೇರೆ ವಿಷಯ.

ಕೊನೆಯಲ್ಲಿ ಫ್ರೆಂಚ್ ನಿರ್ದೇಶಕ ಲೂಯಿ ಮಾಲ್ ಸಿಕ್ಕರು. 1974ರ 'ಲಾಕೋಂಬ್, ಲೂಸಿಯೆನ್'. 1944ರ ಫ್ರಾನ್ಸ್, ಹಳ್ಳಿ ಹುಡುಗನೊಬ್ಬ ನಾಜಿಗಳ ಪೊಲೀಸ್ ಗುಂಪಿಗೆ ಸೇರುತ್ತಾನೆ, ಬಂದೂಕಿನ ಬಲದಿಂದ ಅಡಗಿ ಕೂತ ಯಹೂದಿ ದರ್ಜಿಯ ಮನೆಯೊಳಗೆ ನುಗ್ಗುತ್ತಾನೆ. ದರ್ಜಿ ಹೆದರಿ ಸೌಜನ್ಯ ತೋರಿಸುತ್ತಾನೆ, ಮಗಳು ಹುಡುಗನಿಗೆ ಒಲಿಯುತ್ತಾಳೆ. ಗೀಸೆ ದರ್ಜಿಯ ಅಮ್ಮ. ಇಸ್ಪೀಟು ಹರಡಿಕೊಂಡು ಒಬ್ಬರೇ ಆಡುತ್ತಾ ಕೂತಿರುತ್ತಾರೆ. ಹುಡುಗ ಒಳಗೆ ಬಂದರೆ ಒಂದು ಸಲ ಕಣ್ಣೆತ್ತಿ ನೋಡಿ ಮತ್ತೆ ಎಲೆ ಹಾಕುತ್ತಾರೆ. ಬೈಗುಳವಿಲ್ಲ, ಬೇಡಿಕೆಯಿಲ್ಲ. ಮನೆಯಲ್ಲಿ ಆ ಹುಡುಗನಿಗೆ ಒಂದಿಷ್ಟೂ ಜಾಗ ಕೊಡದವರು ಅವರೊಬ್ಬರೇ. ಮರುವರ್ಷದ 'ಬ್ಲಾಕ್ ಮೂನ್'ನಲ್ಲಿ ಹಾಸಿಗೆ ಹಿಡಿದು, ರೇಡಿಯೋ ಜೊತೆ, ಇಲಿಯ ಜೊತೆ ವಿಚಿತ್ರ ಭಾಷೆಯಲ್ಲಿ ಹರಟುವ ಮುದುಕಿ. ಆ ಚಿತ್ರ ತೆರೆಗೆ ಬರುವ ಮೊದಲೇ, 1975ರ ಮಾರ್ಚ್ 3ರಂದು, ಮ್ಯೂನಿಕ್‌ನಲ್ಲಿ ತೀರಿಕೊಂಡರು. ಮೂರು ದಿನ ಕಳೆದಿದ್ದರೆ 77 ತುಂಬುತ್ತಿತ್ತು. ಮಾಲ್ ಚಿತ್ರವನ್ನು ಆಕೆಗೆ ಅರ್ಪಿಸಿದರು. ಹುಟ್ಟಿದ್ದು, ಸತ್ತದ್ದು ಎರಡೂ ಮ್ಯೂನಿಕ್. ಮಣ್ಣು ಮಾಡಿದ್ದು ಮಾತ್ರ ಆಕೆಯ ಇಚ್ಛೆಯಂತೆ ಜ್ಯೂರಿಕ್‌ನ ಫ್ಲುಂಟರ್ನ್ ಸ್ಮಶಾನದಲ್ಲಿ. ಜರ್ಮನ್ ಅಂಚೆ ಇಲಾಖೆ ಮುಂದೆ ನೂರು ಫೆನಿಗ್‌ನ ಅಂಚೆಚೀಟಿಯ ಮೇಲೆ ಆಕೆಯ ಮುಖ ಹಾಕಿತು.

ನಾನು ಹೇಳಬೇಕಿದ್ದುದು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

(ವೈಗೆಲ್, ಗೀಸೆ ಇಬ್ಬರಲ್ಲಿ ಯಾರು ದೊಡ್ಡವರು ಎಂದು ಒಬ್ಬರು ಕೇಳಿದರು.)

ಜಗಳ ಹಚ್ಚುವ ಪ್ರಶ್ನೆ. ವೈಗೆಲ್ ಪ್ರಯೋಗವನ್ನು 1961ರಲ್ಲಿ ಸಿನಿಮಾ ಮಾಡಿದರು, ಲೋಕವೆಲ್ಲ ನೋಡಿತು. ಹಾಗಾಗಿ ಕರೇಜ್ ಅಂದರೆ ವೈಗೆಲ್ ಎಂದಾಯಿತು. ಒಂದು ವಿಷಯ ಗೊತ್ತಿರಲಿ. ನಾಟಕ ಬರೆಯುವಾಗ ಬ್ರೆಕ್ಟ್ ಹೆಂಡತಿಗೆಂದು ಇಟ್ಟುಕೊಂಡಿದ್ದುದು ಮೂಗಿ ಮಗಳು ಕತ್ರೀನ್ ಪಾತ್ರ. ಪರದೇಶದಲ್ಲಿ ಭಾಷೆ ಬರದಿದ್ದರೂ ಆಡಬಹುದು ಅಂತ. ವೈಗೆಲ್‌ರ ಕರೇಜ್ ಚುರುಕು, ಒಣಕಲು, ಚಾಣಾಕ್ಷೆ. ಗೀಸೆಯ ಮೈಕಟ್ಟು, ದನಿ ಬೇರೆಯೇ ತೂಕದ್ದು. ಅಂಗಡಿ ನಡೆಸುವ ಹೆಂಗಸು ಎಂದು ನಾನು ನಂಬುವುದಾದರೆ ಗೀಸೆಯನ್ನೇ ಜಾಸ್ತಿ ನಂಬುತ್ತೇನೆ.

(ಎಲ್ಲಿಂದ ಶುರು ಮಾಡಬೇಕು ಎಂದು ಇನ್ನೊಬ್ಬರು ಕೇಳಿದರು.)

'ಲಾಕೋಂಬ್, ಲೂಸಿಯೆನ್' ನೋಡಿ. ಫ್ರೆಂಚ್ ಬರುವುದಿಲ್ಲ ಎಂದು ಹಿಂಜರಿಯಬೇಡಿ. ಆಕೆಗೆ ಅದರಲ್ಲಿ ಮಾತೇ ಹೆಚ್ಚಿಲ್ಲ.